ನೀರು ಹಾಯುವ ಹೊಲದ ಮಣ್ಣು: ಸವಕಳಿ ಮತ್ತು ರಚನೆಯನ್ನು ಕುರಿತು ಒಂದು ಅಧ್ಯಯನ

ಮಣ್ಣಿನ ಸವಕಳಿ ಎಂದೊಡನೆ ಮಳೆನೀರು ಕೊರೆದ ಕೊರಕಲು, ಬೇರು ಹೊರಬಿದ್ದ ಮರ, ಒಡೆದ ಬದು ಇವುಗಳೇ ನೆನಪಿಗೆ ಬರುತ್ತವೆ. ಇವೆಲ್ಲ ಖುಷ್ಕಿ ಜಮೀನಿನ ಚಿತ್ರಗಳು. ಬದು ಹಾಕಿ, ಮಟ್ಟ ಮಾಡಿ, ಕೊಳವೆಬಾವಿಯ ನೀರು ಹಾಯಿಸುವ ತರಕಾರಿ ಮತ್ತು ಹೂವಿನ ಹೊಲದಲ್ಲಿ ಸವಕಳಿಗೆ ಎಡೆಯೇ ಇಲ್ಲ ಎಂಬ ನಂಬಿಕೆ ರೈತರಲ್ಲಿಯೂ ಇದೆ, ಕ್ರಿಯಾಯೋಜನೆ ಸಿದ್ಧಪಡಿಸುವ ಕಚೇರಿಗಳಲ್ಲಿಯೂ ಇದೆ. ಆದರೆ ನೀರಾವರಿ ಹೊಲದ ಮಣ್ಣು ಮಳೆಗಾಲಕ್ಕೆ ಕಾಯುವುದಿಲ್ಲ. ರೈತನು ತಾನೇ ತಿರುಗಿಸಿದ ನೀರಿನೊಡನೆ, ಬೇಸಿಗೆಯಲ್ಲಿಯೂ, ಸದ್ದಿಲ್ಲದೆ ಜಾಗ ಬಿಡುತ್ತದೆ. ಅದು ಹೊಲದ ಗಡಿಯನ್ನು ದಾಟದಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಬೆಂಗಳೂರು ದಕ್ಷಿಣ ತಾಲ್ಲೂಕಿನಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಬನಶಂಕರಿ, ಜೆ.ಪಿ.ನಗರಗಳನ್ನು ದಾಟಿ ಕನಕಪುರ ರಸ್ತೆಯಲ್ಲಿ ಮುಂದುವರಿದರೆ ಕಗ್ಗಲೀಪುರ, ಸೋಮನಹಳ್ಳಿ, ನೆಲಗುಳಿ ಭಾಗಗಳಲ್ಲಿ ಇಂದಿಗೂ ಸೊಪ್ಪು, ಬೀನ್ಸ್, ಟೊಮ್ಯಾಟೊ, ಸೇವಂತಿಗೆ, ಹಿಪ್ಪುನೇರಳೆ ಬೆಳೆಯುವ ಹೊಲಗಳಿವೆ. ನಗರದ ಬಡಾವಣೆಗಳೂ ಒಂದು ಕಾಲಕ್ಕೆ ಇಂಥವೇ ಆಗಿದ್ದವು. 1948ರಲ್ಲಿ ಜಯನಗರ ಬಡಾವಣೆ ಆರಂಭವಾಗುವ ಮೊದಲು ಯಡಿಯೂರು, ಬೈರಸಂದ್ರ, ಸಾರಕ್ಕಿಗಳು ಕೆರೆಯುಳ್ಳ ಹಳ್ಳಿಗಳು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿರುವುದು ಅಲ್ಲಿ ವಾಸಿಸುವ ಅನೇಕರಿಗೇ ತಿಳಿಯದು. ಕಟ್ಟಡಗಳ ಅಡಿಗೆ ಸೇರಿದ ಮಣ್ಣಿನ ಮಾತು ಮುಗಿದುಹೋಯಿತು. ಉಳಿದಿರುವ ಹೊಲಗಳ ಮಣ್ಣಿನ ಮಾತು ಇನ್ನೂ ಉಳಿದಿದೆ.

ಮಣ್ಣಿನ ಕಟ್ಟು

ಜಯನಗರದ ನರ್ಸರಿಯಿಂದ ಒಂದು ಚೀಲ ಕೆಂಪುಮಣ್ಣು ಕೊಂಡು ತಾರಸಿಯ ಕುಂಡಕ್ಕೆ ತುಂಬಿದ ಗೃಹಿಣಿ ಒಂದು ಸಂಗತಿಯನ್ನು ಬಲ್ಲಳು. ಮೊದಲ ವಾರ ನೀರು ಸರಾಗವಾಗಿ ಇಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಮೇಲೊಂದು ಪೊರೆ ಕಟ್ಟುತ್ತದೆ, ಹಾಕಿದ ನೀರು ನಿಂತು ಅಂಚಿನಿಂದ ಜಾರಿಹೋಗುತ್ತದೆ, ಒಣಗಿದಾಗ ಕುಂಡದ ಮಣ್ಣು ಇಟ್ಟಿಗೆಯಂತಾಗುತ್ತದೆ. ಹೊಲದಲ್ಲಿ ನಡೆಯುವುದೂ ಇದೇ. ಅಳತೆ ಮಾತ್ರ ಬೇರೆ.

ಮಣ್ಣೆಂದರೆ ಮರಳು, ಗೋಡು, ಜೇಡಿ ಕಣಗಳ ರಾಶಿಯಷ್ಟೇ ಅಲ್ಲ. ಈ ಕಣಗಳು ಒಂದಕ್ಕೊಂದು ಅಂಟಿ ಸಾಸಿವೆಯಷ್ಟು, ಕಡಲೆಯಷ್ಟು ಗಾತ್ರದ ಕಣಗುಚ್ಛಗಳಾಗಿರುತ್ತವೆ. ಗುಚ್ಛಗಳ ನಡುವೆ ದೊಡ್ಡ ರಂಧ್ರಗಳು, ಒಳಗೆ ಸಣ್ಣ ರಂಧ್ರಗಳು. ದೊಡ್ಡದರಲ್ಲಿ ನೀರು ಇಳಿಯುತ್ತದೆ, ಗಾಳಿಯಾಡುತ್ತದೆ, ಬೇರು ದಾರಿ ಕಂಡುಕೊಳ್ಳುತ್ತದೆ. ಸಣ್ಣದರಲ್ಲಿ ತೇವ ನಿಲ್ಲುತ್ತದೆ. ಈ ವ್ಯವಸ್ಥೆಗೇ ಮಣ್ಣಿನ ರಚನೆ ಎಂದು ಹೆಸರು. ಮನೆ ಕಟ್ಟುವವರ ಮಾತಿನಲ್ಲಿ ಹೇಳುವುದಾದರೆ ಮರಳು, ಗೋಡು, ಜೇಡಿಗಳು ಸಾಮಗ್ರಿ, ರಚನೆಯೇ ಕಟ್ಟಡ. ಸಾಮಗ್ರಿಯನ್ನು ಬದಲಿಸಲು ಯಾವ ರೈತನಿಂದಲೂ ಸಾಧ್ಯವಿಲ್ಲ. ಕಟ್ಟಡವನ್ನು ಮಾತ್ರ ಒಂದೆರಡು ಬೆಳೆಯಲ್ಲಿಯೇ ಕೆಡವಬಹುದು.

ಕಣಗಳನ್ನು ಅಂಟಿಸುವ ಗಾರೆ ಸಾವಯವ ಪದಾರ್ಥ. ಕೊಳೆತ ಎಲೆ, ಸೆಗಣಿ, ಬೇರು ಸ್ರವಿಸುವ ಲೋಳೆ, ಶಿಲೀಂಧ್ರಗಳ ನೂಲು, ಎರೆಹುಳುವಿನ ಹಿಕ್ಕೆ ಇವೆಲ್ಲ ಸೇರಿ ಆ ಕೆಲಸ ಮಾಡುತ್ತವೆ. ಕಪ್ಪುಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚಾಗಿದ್ದು, ಅದು ಒಣಗಿದಾಗ ತಾನೇ ಬಿರಿದು ಮತ್ತೆ ಕೂಡಿಕೊಳ್ಳುವ ಗುಣ ಹೊಂದಿದೆ. ಬೆಂಗಳೂರಿನ ಕೆಂಪುಮಣ್ಣಿಗೆ ಆ ಅನುಕೂಲವಿಲ್ಲ. ಇದರ ಜೇಡಿ ಹಿಗ್ಗಿ ಕುಗ್ಗುವ ಬಗೆಯದಲ್ಲ. ಸಾವಯವ ಇಂಗಾಲವೂ ಸ್ವಭಾವತಃ ಕಡಿಮೆ. ಒಮ್ಮೆ ಕಟ್ಟು ಕಳೆದುಕೊಂಡರೆ ತಾನಾಗಿ ಚೇತರಿಸಿಕೊಳ್ಳದು. ನಮ್ಮ ಭಾಗದ ಸವಕಳಿಯ ಮೂಲ ಇಲ್ಲಿದೆ: ಮಣ್ಣು ಮೊದಲು ಒಡೆಯುತ್ತದೆ, ಕೊಚ್ಚಿಹೋಗುವುದು ಆಮೇಲೆ. ಒಡೆಯದ ಗುಚ್ಛವನ್ನು ಸಾಲಿನ ನೀರು ಹೊರಲಾರದು. ಒಡೆದ ಕಣವನ್ನು ಬದುವೂ ಸುಲಭವಾಗಿ ತಡೆಯಲಾರದು.

ತಲೆಭಾಗದ ನಷ್ಟ

ಮಳೆಹನಿಯ ಪೆಟ್ಟು ದೊಡ್ಡದು. ದಪ್ಪ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಅದರೆದುರು ಸಾಲಿನಲ್ಲಿ ಹರಿಯುವ ನೀರು ಸಾಧು. ಆದರೂ ಅದಕ್ಕೆ ಎರಡು ಅನುಕೂಲಗಳಿವೆ. ಮೊದಲನೆಯದು, ಅದು ವರ್ಷಕ್ಕೆ ಹತ್ತಾರು ಬಾರಿ ಅದೇ ಜಾಗದಲ್ಲಿ ಹರಿಯುತ್ತದೆ. ಎರಡನೆಯದು, ಅದು ಒಣಮಣ್ಣಿನ ಮೇಲೆ ಏಕಾಏಕಿ ನುಗ್ಗುತ್ತದೆ. ಒಣ ಹೆಂಟೆ ಥಟ್ಟನೆ ನೀರು ಹೀರಿದಾಗ ಅದರೊಳಗಿನ ಗಾಳಿ ಸಿಕ್ಕಿಬಿದ್ದು, ಹೊರಬರುವ ಒತ್ತಡಕ್ಕೆ ಹೆಂಟೆಯನ್ನು ಒಳಗಿನಿಂದಲೇ ಸೀಳುತ್ತದೆ. ನಿಧಾನವಾಗಿ ನೆನೆದ ಹೆಂಟೆ ಹೀಗೆ ಸೀಳುವುದಿಲ್ಲ.

ನೀರಿನ ವೇಗದ ವಿಷಯದಲ್ಲಿ ಎಂಜಿನಿಯರುಗಳು ಕಲಿಯುವ ಹಳೆಯ ನಿಯಮವೊಂದಿದೆ. ಹರಿವಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ. ಹೊಲದ ಸಾಲಿಗೆ ಇದನ್ನು ಅಕ್ಷರಶಃ ಅನ್ವಯಿಸಲಾಗದಿದ್ದರೂ ಅದರ ದಿಕ್ಕು ಸರಿಯಾಗಿದೆ: ವೇಗದ ಅಲ್ಪ ಹೆಚ್ಚಳವೂ ಭಾರಿ ವ್ಯತ್ಯಾಸ ತರುತ್ತದೆ. ಸಾಲಿನ ಬಾಯಲ್ಲಿ, ಅಂದರೆ ಹೊಲದ ತಲೆಭಾಗದಲ್ಲಿ, ಹರಿವು ಅತಿ ಹೆಚ್ಚು. ಮುಂದೆ ಸಾಗಿದಂತೆ ನೀರು ಇಂಗಿ ವೇಗ ತಗ್ಗುತ್ತದೆ. ತಲೆಭಾಗದಲ್ಲಿ ಎತ್ತಿಕೊಂಡ ಮಣ್ಣನ್ನು ಅದು ಕೊನೆಭಾಗದಲ್ಲಿ ಇಳಿಸುತ್ತದೆ. ಅಲ್ಲಿ ನಯವಾದ ಗೋಡು ರಂಧ್ರಗಳನ್ನು ಮುಚ್ಚಿ ನೀರು ನಿಲ್ಲುವಂತೆ ಮಾಡುತ್ತದೆ. ಒಂದೇ ಹೊಲದ ತಲೆಯಲ್ಲಿ ಪೈರು ಬಾಡುವುದು, ಕೊನೆಯಲ್ಲಿ ಬೇರು ಕೊಳೆಯುವುದು ಕಂಡುಬಂದರೆ ಗೊಬ್ಬರದ ಅಂಗಡಿಗೆ ಹೋಗುವ ಮುನ್ನ ಈ ಕಾರಣವನ್ನು ಪರಿಶೀಲಿಸಬೇಕು.

ಇದಕ್ಕೆ ಸ್ಪಷ್ಟವಾದ ನಿದರ್ಶನ ದೂರದ ಅಮೆರಿಕೆಯಲ್ಲಿ ಸಿಗುತ್ತದೆ. ಐಡಹೊ ಪ್ರಾಂತ್ಯದ ಟ್ವಿನ್ ಫಾಲ್ಸ್ ಪ್ರದೇಶಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ನೇಕ್ ನದಿಯ ಕಾಲುವೆ ನೀರು ಬಂದಿತು. ಸುಮಾರು 80 ವರ್ಷ ಸಾಲು ನೀರಾವರಿ ಮಾಡಿದ ಮೇಲೆ, 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಹೊಲಗಳನ್ನು ಅಳೆದು ನೋಡಿದರು. ಬಹುಪಾಲು ಹೊಲಗಳ ತಲೆಭಾಗದಲ್ಲಿ ಮೇಲ್ಮಣ್ಣು ಹೋಗಿ ಬಿಳಿಚಿದ ತಳಮಣ್ಣು ಹೊರಬಂದಿತ್ತು. ಅಲ್ಲಿ ಇಳುವರಿಯೂ ಕುಸಿದಿತ್ತು. ಅದೇ ಕೇಂದ್ರದವರು 1990ರ ದಶಕದಲ್ಲಿ ಪಾಲಿಅಕ್ರಿಲಮೈಡ್ ಎಂಬ ಅಂಟು ರಾಸಾಯನಿಕವನ್ನು ಲೀಟರಿಗೆ 10 ಮಿಲಿಗ್ರಾಂನಂತೆ ನೀರಿಗೆ ಬೆರೆಸಿ ಸಾಲಿನ ಸವಕಳಿಯನ್ನು ಶೇಕಡ 90ಕ್ಕೂ ಹೆಚ್ಚು ತಗ್ಗಿಸಿ ತೋರಿಸಿದರು. ಅರ್ಧ ಎಕರೆ ಸೊಪ್ಪು ಬೆಳೆಯುವ ನಮ್ಮ ರೈತನಿಗೆ ಆ ರಾಸಾಯನಿಕ ಬೇಕಾಗಿಲ್ಲ. ಸಾಲಿನ ತಲೆಭಾಗದಲ್ಲಿ ಒಂದು ಹಿಡಿ ರಾಗಿಹುಲ್ಲು ಹಾಸಿದರೆ ನೀರಿನ ರಭಸ ಮುರಿಯುತ್ತದೆ. ಆ ಪ್ರಯೋಗ ಕಲಿಸುವ ಪಾಠ ಬೇರೆಯದು: ಕಣಗಳು ಅಂಟಿಕೊಂಡಿದ್ದರೆ ಸವಕಳಿ ನಿಲ್ಲುತ್ತದೆ.

ನಷ್ಟದ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲಿನಿಂದ ಒಂದು ಮಿಲಿಮೀಟರ್, ಅಂದರೆ ಬೆರಳಿನ ಉಗುರಿನಷ್ಟು ದಪ್ಪ ಹೋದರೆ ನಾಲ್ಕು ಘನ ಮೀಟರ್, ತೂಕದಲ್ಲಿ ಸುಮಾರು ಆರು ಟನ್ ಮಣ್ಣು ಹೋದಂತೆ. ಯಾರಾದರೂ ಹೊಲದಿಂದ ಆರು ಟನ್ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೊರಟರೆ ಊರೇ ಸೇರುತ್ತದೆ, ಪಂಚಾಯಿತಿಗೆ ದೂರು ಬರುತ್ತದೆ. ಉಗುರಿನ ದಪ್ಪಕ್ಕೆ ದೂರು ಕೊಡುವವರಿಲ್ಲ.

ರೈತನನ್ನೇ ದೂಷಿಸುವುದು ನ್ಯಾಯವಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ ಸಿಗುವುದು ದಿನದ ಕೆಲವು ಗಂಟೆ ಮಾತ್ರ. ಅದೂ ಎಷ್ಟೋ ಸಲ ರಾತ್ರಿ. ಕರೆಂಟು ಹೋಗುವುದರೊಳಗೆ ಎಲ್ಲ ಸಾಲೂ ನೆನೆಯಬೇಕೆಂಬ ಆತುರದಲ್ಲಿ ಪೂರ್ತಿ ನೀರನ್ನು ಒಂದೇ ಸಾಲಿಗೆ ಬಿಟ್ಟು, ಟಾರ್ಚ್ ಹಿಡಿದು ಓಡಾಡುವುದು ಅನಿವಾರ್ಯವಾಗಿದೆ. ಕಪಿಲೆಯ ಕಾಲದಲ್ಲಿ ಹೀಗಿರಲಿಲ್ಲ. ಲಾಲ್‌ಬಾಗ್, ಸಿದ್ದಾಪುರದ ಸುತ್ತ ತಿಗಳ ಸಮುದಾಯದ ತೋಟಗಾರರು ತರಕಾರಿ, ಹೂವು ಬೆಳೆಯುತ್ತಿದ್ದಾಗ ನೀರು ಬಾನಿ ಬಾನಿಯಾಗಿ, ಬಿಟ್ಟು ಬಿಟ್ಟು ಸಣ್ಣ ಮಡಿಗಳಿಗೆ ಹರಿಯುತ್ತಿತ್ತು. ಎತ್ತು ಹಿಂದೆ ಸರಿಯುವಷ್ಟು ಹೊತ್ತು ಮಣ್ಣಿಗೆ ವಿರಾಮ ದೊರೆಯುತ್ತಿತ್ತು. ಆ ವಿಧಾನವನ್ನು ಮರಳಿ ತರಲಾಗದು. ಆದರೆ ಕೊಳವೆಬಾವಿಯ ನೀರನ್ನು ಮೊದಲು ತೊಟ್ಟಿಗೋ ಕೃಷಿಹೊಂಡಕ್ಕೋ ತುಂಬಿಸಿ, ಹಗಲಿನಲ್ಲಿ ನಾಲ್ಕಾರು ಸಾಲಿಗೆ ಹಂಚಿ ಬಿಡುವ ವ್ಯವಸ್ಥೆ ಅದೇ ವಿರಾಮವನ್ನು ಒದಗಿಸಬಲ್ಲದು.

ಗಾಜಿನ ಲೋಟದ ಪರೀಕ್ಷೆ

ಮಣ್ಣಿನ ಕಟ್ಟನ್ನು ಅರಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಹೊಲದಿಂದ ಗೋಲಿ ಗಾತ್ರದ ಒಣ ಹೆಂಟೆಯೊಂದನ್ನು, ಉಳುಮೆ ಕಾಣದ ಬದುವಿನಿಂದಲೋ ಹೊಂಗೆಮರದ ಬುಡದಿಂದಲೋ ಅದೇ ಗಾತ್ರದ ಇನ್ನೊಂದನ್ನು ತಂದು, ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ ಮೆಲ್ಲಗೆ ಇಳಿಬಿಡಬೇಕು. ಅಲುಗಾಡಿಸಬಾರದು. ಹೊಂಗೆಯಡಿಯ ಹೆಂಟೆ ಸಾಮಾನ್ಯವಾಗಿ ಬಹಳ ಹೊತ್ತು ಹಾಗೆಯೇ ಕುಳಿತಿರುತ್ತದೆ. ವರ್ಷಗಟ್ಟಲೆ ಬರಿಯ ರಾಸಾಯನಿಕ ಗೊಬ್ಬರ ಕಂಡ ಹೊಲದ ಹೆಂಟೆ ಗುಳ್ಳೆ ಬಿಡುತ್ತಾ ಕೆಲವೇ ನಿಮಿಷಗಳಲ್ಲಿ ಕುಸಿದು ರಾಶಿಯಾಗುತ್ತದೆ. ಮಣ್ಣು ಎರಡೂ ಕಡೆ ಒಂದೇ. ಗಾರೆ ಮಾತ್ರ ಬೇರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೆಂಟೆ ಕುಸಿದರೂ ಮೇಲಿನ ನೀರು ತಿಳಿಯಾಗಿಯೇ ಇದ್ದರೆ ಅದು ಸಾವಯವ ಪದಾರ್ಥದ ಕೊರತೆ. ನೀರು ಹಾಲಿನಂತೆ ಕದಡಿ ಮರುದಿನವೂ ತಿಳಿಯಾಗದಿದ್ದರೆ ಅದು ಸೋಡಿಯಂ ಅಂಶದ ಸುಳಿವು. ಜೇಡಿಕಣಗಳ ಮೇಲೆ ಕ್ಯಾಲ್ಸಿಯಂ ಇದ್ದಾಗ ಅವು ಹತ್ತಿರ ಸೇರುತ್ತವೆ. ಸೋಡಿಯಂ ಕುಳಿತಾಗ ಒಂದನ್ನೊಂದು ದೂಡಿ ನೀರಿನಲ್ಲಿ ತೇಲುತ್ತವೆ. ಮೊದಲನೆಯ ತೊಂದರೆಗೆ ಕೊಟ್ಟಿಗೆ ಗೊಬ್ಬರ, ಎರಡನೆಯದಕ್ಕೆ ಮಣ್ಣು ಮತ್ತು ನೀರಿನ ಪರೀಕ್ಷೆಯ ನಂತರ ಜಿಪ್ಸಂ ಮತ್ತು ಬಸಿಗಾಲುವೆ. ಎರಡನ್ನೂ ಗೊಂದಲ ಮಾಡಿಕೊಂಡು ಹೆಂಟೆ ಕುಸಿದ ಹೊಲಕ್ಕೆಲ್ಲ ಜಿಪ್ಸಂ ಸುರಿದರೆ ಹಣ ವ್ಯರ್ಥ.

ಸೋಡಿಯಂ ಪ್ರಶ್ನೆ ನಮ್ಮ ತಾಲ್ಲೂಕಿಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಹುಟ್ಟುವಳೆಂದು ಪ್ರತೀತಿಯಿರುವ ವೃಷಭಾವತಿ ಕೆಂಗೇರಿಯ ಮಾರ್ಗವಾಗಿ ಹರಿದು ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತಾಳೆ. 1940ರ ದಶಕದಲ್ಲಿ ನೀರಾವರಿಗೆಂದೇ ಕಟ್ಟಿದ ಆ ಜಲಾಶಯಕ್ಕೆ ಇಂದು ಬರುವುದು ಬಹುಪಾಲು ನಗರದ ಕೊಳಚೆ. ಬಟ್ಟೆ ಒಗೆದ ನೀರಿನ ಸೋಡಾ ಅದರಲ್ಲಿ ಸೇರಿರುತ್ತದೆ. ಅದೇ ನೀರು ಸಾರಜನಕ, ರಂಜಕಗಳನ್ನೂ ಸಾವಯವ ಪದಾರ್ಥವನ್ನೂ ಪುಕ್ಕಟೆಯಾಗಿ ತರುವುದರಿಂದ ಆರಂಭದಲ್ಲಿ ಪೈರು ಹುಲುಸಾಗಿ ಬರುತ್ತದೆ. ಲಾಭ ಮೊದಲು ಕಾಣುತ್ತದೆ. ಮಣ್ಣು ಬಿಗಿಯುವುದು ತಡವಾಗಿ. ಅಚ್ಚುಕಟ್ಟಿನ ರೈತರು ಭತ್ತವನ್ನು ಬಿಟ್ಟು ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್ ಕಡೆ ತಿರುಗಿದ್ದಕ್ಕೆ ಕಾರಣಗಳು ಹಲವು. ನೀರಿನ ಗುಣ ಅವುಗಳಲ್ಲೊಂದು. ತುಂಗಭದ್ರಾ ಅಚ್ಚುಕಟ್ಟಿನ ಕಪ್ಪುಭೂಮಿಯಲ್ಲಿ ಅತಿ ನೀರು ಮತ್ತು ಬಸಿಯುವಿಕೆಯ ಕೊರತೆಯಿಂದ ಜವುಳು, ಚೌಳು ಹರಡಿದ ಕಥೆ ಎಲ್ಲರಿಗೂ ತಿಳಿದದ್ದೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಅದನ್ನೇ ಅಧ್ಯಯನ ಮಾಡುತ್ತಿದೆ.

ಯಂತ್ರ, ಹೊದಿಕೆ, ಗೊಬ್ಬರ

ರೋಟವೇಟರ್ ಬಂದ ಮೇಲೆ ಹೊಲ ಸಿದ್ಧಪಡಿಸುವುದು ಒಂದು ಗಂಟೆಯ ಕೆಲಸವಾಗಿದೆ. ಹಿಟ್ಟಿನಂತಾದ ಮಣ್ಣನ್ನು ಕಂಡು ಹದವಾಯಿತೆಂದು ಸಂತೋಷಪಡುವುದೂ ರೂಢಿಯಾಗಿದೆ. ಆದರೆ ಹಿಟ್ಟಿನಂತಹ ಮಣ್ಣು ಎಂದರೆ ಕಟ್ಟು ಪೂರ್ಣ ಕಳಚಿದ ಮಣ್ಣು. ಮೊದಲ ನೀರಿಗೇ ಅದು ಪೊರೆ ಕಟ್ಟುತ್ತದೆ. ಇತ್ತ ಅಲಗು ತಲುಪುವ ಆಳದ ಕೆಳಗೆ ಮಣ್ಣು ಒತ್ತಿ ಒತ್ತಿ ಗಟ್ಟಿಪದರವಾಗುತ್ತದೆ; ಒದ್ದೆಯಿರುವಾಗ ಟ್ರ್ಯಾಕ್ಟರ್ ಇಳಿಸಿದರಂತೂ ಇನ್ನೂ ಬೇಗ. ಮೊನಚಾದ ಕಬ್ಬಿಣದ ಸಲಾಕೆಯನ್ನು ತೇವದ ನೆಲಕ್ಕೆ ಚುಚ್ಚಿದರೆ ಐದಾರು ಅಂಗುಲದಲ್ಲಿ ತಡೆದು ನಿಲ್ಲುವುದು ಈ ಪದರಕ್ಕೇ. ಯಂತ್ರವನ್ನು ಬಿಡಬೇಕೆಂದಲ್ಲ. ಬೆಳೆಗೊಮ್ಮೆ ಬೇಕಾದುದನ್ನು ಮೂರು ಬಾರಿ ಓಡಿಸದಿರುವುದು, ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಆಳದ ಉಳುಮೆ ಮಾಡಿಸುವುದು, ನಡುವೆ ತೊಗರಿಯಂತಹ ಆಳಬೇರಿನ ಬೆಳೆ ತೆಗೆಯುವುದು ಸಾಧ್ಯವಿದೆ.

ಹನಿ ನೀರಾವರಿ ಸಾಲಿನ ಸವಕಳಿಯನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ. ಅದರೊಡನೆ ಬಂದ ಪ್ಲಾಸ್ಟಿಕ್ ಹೊದಿಕೆಯ ವಿಷಯದಲ್ಲಿ ಎಚ್ಚರ ಬೇಕು. ಏರುಮಡಿಗೆ ಪ್ಲಾಸ್ಟಿಕ್ ಹೊದಿಸಿದಾಗ ಅದರಡಿಯ ಮಣ್ಣು ಸುರಕ್ಷಿತ. ಆದರೆ ಅದರ ಮೇಲೆ ಬಿದ್ದ ಮಳೆಯಷ್ಟೂ ನಡುವಿನ ಬರಿಯ ಸಾಲಿಗೆ ಜಾರುತ್ತದೆ. ಅರ್ಧ ನೆಲ ಮುಚ್ಚಿದರೆ ಉಳಿದರ್ಧಕ್ಕೆ ಎರಡರಷ್ಟು ನೀರು. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಇಂತಹ ಹೊಲದ ಸಾಲುಗಳು ಕೊರಕಲಾಗುವುದು ಇದರಿಂದಲೇ. ನಡುಸಾಲಿಗೆ ಹುಲ್ಲು, ಬೆಳೆಶೇಷ ಹಾಸುವುದು ಇದಕ್ಕೆ ಸಾಕಾದ ಪರಿಹಾರ.

ಪಾಲಿಹೌಸ್ ಇದರ ದೊಡ್ಡ ರೂಪ. ಒಂದು ಎಕರೆ ಪಾಲಿಹೌಸಿನ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು ಒಂದೇ ಕಡೆ ಇಳಿಯುತ್ತದೆ. ಅದು ಕೆಳಗಿನ ಜಮೀನಿನವರ ಮಡಿಗಳನ್ನು ಕೊಚ್ಚಿಕೊಂಡು ಹೋದಾಗ ಅಕ್ಕಪಕ್ಕದವರ ನಡುವೆ ಜಗಳವಾಗಿ ಗ್ರಾಮ ಪಂಚಾಯಿತಿಯ ಮೆಟ್ಟಿಲೇರುತ್ತದೆ. ಮೇಲೆ 12 ಮೀಟರ್ ಚದರ, 3 ಮೀಟರ್ ಆಳ, ಇಳಿಜಾರು ದಡವಿರುವ, ತಳದಲ್ಲಿ 6 ಮೀಟರ್ ಚದರ ಉಳಿಯುವ ಕೃಷಿಹೊಂಡ ಸುಮಾರು 2.5 ಲಕ್ಷ ಲೀಟರ್ ಹಿಡಿಯುತ್ತದೆ. ಅಂದರೆ ಅಂತಹ ಒಂದು ಮಳೆಯನ್ನು ಒಂದು ಹೊಂಡ ಪೂರ್ತಿಯಾಗಿ ತಡೆಯಬಲ್ಲದು. ಪಾಲಿಹೌಸ್ ಕಟ್ಟುವಾಗಲೇ ಛಾವಣಿ ನೀರಿನ ಹೊಂಡಕ್ಕೂ ಜಾಗ ಗುರುತಿಸುವುದು ನೆರೆಹೊರೆಯ ಸೌಹಾರ್ದಕ್ಕೂ ಒಳ್ಳೆಯದು.

ಇನ್ನು ಗೊಬ್ಬರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು 1986ರಿಂದ ರಾಗಿ ಮತ್ತು ಮುಸುಕಿನ ಜೋಳದ ಸರದಿಯಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಸುತ್ತ ಬಂದಿದೆ. ಅದೇ ತುಂಡು ಭೂಮಿಗೆ ಅದೇ ಉಪಚಾರವನ್ನು ದಶಕಗಳ ಕಾಲ ಬಿಡದೆ ನೀಡುವ ಈ ಕೆಲಸ ತಾಳ್ಮೆಯದು. ಬರಿಯ ಸಾರಜನಕ ಕೊಟ್ಟ ತುಂಡುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿಯಿತು. ಶಿಫಾರಸಿನ ಗೊಬ್ಬರದೊಡನೆ ಕೊಟ್ಟಿಗೆ ಗೊಬ್ಬರವನ್ನೂ ಕೊಟ್ಟಲ್ಲಿ ಇಳುವರಿ ನಿಂತಿತು. ನಮ್ಮ ಕೆಂಪುಮಣ್ಣಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಕೊಟ್ಟಿಗೆ ಗೊಬ್ಬರ ದುಬಾರಿಯಾದ ಕಡೆ ಸೆಣಬು, ಡಯಂಚ ಬಿತ್ತಿ ಹೂವಿನ ಮುನ್ನ ಮಣ್ಣಿಗೆ ಸೇರಿಸುವುದು ಸುಲಭದ ದಾರಿ.

ಬದು ಮತ್ತು ಹೂಳು

ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬದು ನಿರ್ಮಾಣಕ್ಕೆ ದೊಡ್ಡ ಸ್ಥಾನವಿದೆ. ಅಳತೆ ಪುಸ್ತಕದಲ್ಲಿ ಘನ ಮೀಟರ್ ದಾಖಲಾಗುತ್ತದೆ, ಕೂಲಿ ಪಾವತಿಯಾಗುತ್ತದೆ. ಆದರೆ ಬದುವಿಗೆ ಮಣ್ಣನ್ನು ಎಲ್ಲಿಂದ ತೆಗೆಯಲಾಯಿತು ಎಂಬ ಪ್ರಶ್ನೆ ವಿರಳವಾಗಿ ಕೇಳಿಬರುತ್ತದೆ. ಅನುಕೂಲಕ್ಕೆಂದು ಹೊಲದ ಮೇಲ್ಮಣ್ಣನ್ನೇ ಕೆರೆದು ಬದು ಏರಿಸಿದರೆ, ಉಳಿಸಬೇಕಾದುದನ್ನೇ ಕಾವಲುಗೋಡೆಗೆ ಬಳಸಿದಂತಾಯಿತು. ಬದುವಿನ ಮೇಲ್ಬದಿಯಲ್ಲಿ ಕಂದಕ ತೋಡಿ, ಮೊದಲ ಅರ್ಧ ಅಡಿ ಮಣ್ಣನ್ನು ಬೇರೆಯಿಟ್ಟು, ತಳಮಣ್ಣಿನಿಂದ ಬದು ಕಟ್ಟಿ, ಮೇಲ್ಮಣ್ಣನ್ನು ಮರಳಿ ಹೊಲಕ್ಕೆ ಹರಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಗುರುತು ಹಾಕುವ ದಿನವೇ ಕಾಯಕಬಂಧುವಿಗೆ ಸ್ಪಷ್ಟವಾಗಿ ಹೇಳಿದರೆ ಸಾಕು. ಕಟ್ಟಿದ ಬದುವಿನ ಮೇಲೆ ಲಾವಂಚ ನೆಡಬಹುದು. ಗುಂಡ್ಲುಪೇಟೆ ಭಾಗದ ರೈತರು ಲಾವಂಚವನ್ನು ಹೊಲದಂಚಿನ ಬೇಲಿಯಾಗಿ ತಲೆಮಾರುಗಳಿಂದ ಬೆಳೆಸುತ್ತ ಬಂದಿದ್ದರು. ಮಣ್ಣು ತಡೆಯುವ ಹುಲ್ಲೆಂದು ಜಗತ್ತಿನ ತಜ್ಞರು ಅದರತ್ತ ಗಮನ ಹರಿಸಿದ್ದು 1980ರ ದಶಕದಲ್ಲಿ.

ಕೊಚ್ಚಿಹೋದ ಮಣ್ಣು ಕೊನೆಗೆ ಸೇರುವುದು ಕೆರೆಗೆ. ಬೇಸಿಗೆಯಲ್ಲಿ ಕೆರೆಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಮರಳಿ ಸಾಗಿಸುತ್ತಿದ್ದ ಪದ್ಧತಿ ಹಿರಿಯರಿಗೆ ನೆನಪಿದೆ. ಮರಳು ಹೆಚ್ಚಿರುವ ಕೆಂಪುಮಣ್ಣಿಗೆ ಗೋಡಿನಲ್ಲಿರುವ ಜೇಡಿ ಮತ್ತು ಸಾವಯವ ಅಂಶ ಎರಡೂ ಬೇಕಾದುವೇ. ಹೂಳೆತ್ತುವ ಕಾಮಗಾರಿ ಇರುವ ಕಡೆ ರೈತರು ಸ್ವಂತ ಟ್ರ್ಯಾಕ್ಟರಿನಲ್ಲಿ ಗೋಡು ಒಯ್ಯಲು ಪಂಚಾಯಿತಿ ಅನುವು ಮಾಡಿಕೊಟ್ಟರೆ ಕೆರೆಯೂ ಖಾಲಿಯಾಗುತ್ತದೆ, ಹೊಲವೂ ತುಂಬುತ್ತದೆ. ಇದು ಮಳೆನೀರು ಮಾತ್ರ ಹರಿದುಬರುವ ಕೆರೆಗಳಿಗೆ ಹೇಳಿದ ಮಾತು. ಬಡಾವಣೆಯ ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ಸಂಗ್ರಹವಾಗಿರಬಹುದು. ಸೊಪ್ಪಿನ ಮೂಲಕ ಅವು ಊಟದ ತಟ್ಟೆಗೆ ಬರುತ್ತವೆ. ಅಂತಹ ಕೆರೆಯ ಹೂಳನ್ನು ಒಳಹರಿವಿನ ಬಾಯಿ, ಕೆರೆಯ ನಡು, ತೂಬಿನ ಬಳಿ ಹೀಗೆ ಮೂರು ಕಡೆಗಳಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ, ವರದಿ ಕೈಸೇರಿದ ನಂತರವಷ್ಟೇ ಹೊಲಕ್ಕೆ ಬಿಡಬೇಕು. ವರದಿ ಬರುವವರೆಗೆ ಹೂಳನ್ನು ಏರಿಯ ಹೊರಬದಿಯಲ್ಲಿ, ಮಳೆನೀರು ಹೊಲಗಳತ್ತ ಕೊಂಡೊಯ್ಯದ ಜಾಗದಲ್ಲಿ ರಾಶಿ ಹಾಕಿಸಬೇಕಾಗುತ್ತದೆ.